ಏನನ್ನೂ ಕಟ್ಟಬೇಡಿ, ಒಂದು ರಾತ್ರಿ ಮಲಗಲು ಬಿಡಿ

ಕರ್ನಾಟಕ ಸರ್ಕಾರದ ಪ್ರವಾಸೋದ್ಯಮ, ಅರಣ್ಯ, ಜಲಸಂಪನ್ಮೂಲ, ಇಂಧನ ಹಾಗೂ ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಮೇಜಿಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಏನನ್ನಾದರೂ ಕಟ್ಟಿಸಿಕೊಡಿ ಎಂದು ಕೇಳುತ್ತಿರಬಹುದು. ಸೇತುವೆ, ಶಾಲೆಯ ಕೋಣೆ, ಸಮುದಾಯ ಭವನ, ಇಲ್ಲವೇ ದೇವಸ್ಥಾನಕ್ಕೊಂದು ಮಹಾದ್ವಾರ. ನಾನು ಬರೆಯುತ್ತಿರುವುದು ಏನನ್ನೂ ಕಟ್ಟಬೇಡಿ ಎಂದು ಕೇಳಿಕೊಳ್ಳಲು. ಶರಾವತಿ ಹಿನ್ನೀರಿನ ದಂಡೆಯಲ್ಲಿ, ಅಭಯಾರಣ್ಯದ ಗಡಿಯಿಂದ ಹೊರಗಿರುವ ಸರ್ಕಾರಿ ನೆಲದಲ್ಲಿ, ಸ್ವಂತ ಡೇರೆ ಹೊತ್ತು ತಂದವರಿಗೆ ಒಂದು ರಾತ್ರಿ, ಹೆಚ್ಚೆಂದರೆ ಎರಡು ರಾತ್ರಿ, ಕಾಸು ಕೊಡದೆ ಮಲಗಲು ಅವಕಾಶ ಕೊಡಿ. ನಲ್ಲಿ ಬೇಡ, ವಿದ್ಯುತ್ ದೀಪ ಬೇಡ, ಸಿಮೆಂಟಿನ ಬೆಂಚು ಬೇಡ.

ಐವರಿಗೂ ಸೇರಿಸಿ ಒಂದೇ ಪತ್ರ ಬರೆದದ್ದಕ್ಕೆ ಕ್ಷಮೆಯಿರಲಿ. ಈ ದಂಡೆ ಯಾರದು ಎಂದು ವಿಚಾರಿಸಲು ಹೊರಟವನಿಗೆ ಒಂದು ಬಾಗಿಲು ಇನ್ನೊಂದನ್ನು ತೋರಿಸಿತು, ಅದು ಮತ್ತೊಂದನ್ನು. ನೀರು ಒಬ್ಬರದು, ನೀರಿನಡಿಯ ನೆಲ ಒಬ್ಬರದು, ನೀರು ಇಳಿದಾಗ ಮೇಲೆದ್ದ ನೆಲ ಇನ್ನೊಬ್ಬರದು, ಅದರ ಅಂಚಿನಲ್ಲಿ ಬೆಳೆದ ಮರ ಮಗದೊಬ್ಬರದು. ನಾಲ್ಕನೆಯ ಕಚೇರಿಯ ಬೆಂಚಿನ ಮೇಲೆ ಕುಳಿತಾಗ, ಎಲ್ಲರಿಗೂ ಒಟ್ಟಿಗೆ ಬರೆದುಬಿಡುವುದೇ ಸಲೀಸು ಎನಿಸಿತು.

ಕಳೆದ ಫೆಬ್ರವರಿಯಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ಹನ್ನೊಂದು ವರ್ಷದ ಮಗಳಿಗೆ ಮುತ್ತಜ್ಜನ ಊರು ನೋಡಬೇಕಿತ್ತು. ಆ ಊರು ನೀರಿನೊಳಗಿದೆ. ಆದ್ದರಿಂದ ನೋಡುವುದೆಂದರೆ ದಂಡೆಯಲ್ಲಿ ನಿಂತು ಅತ್ತ ಕೈತೋರಿಸುವುದು, ಅಷ್ಟೇ. ಬೆಳಿಗ್ಗೆ ಮಂಜು ಸರಿಯುವಾಗ ನೀರಿನಿಂದ ಮೇಲೆದ್ದಿರುವ ಒಣ ಬೊಡ್ಡೆಗಳು ಒಂದೊಂದಾಗಿ ಕಾಣಿಸುತ್ತವೆ, ಅದನ್ನು ತೋರಿಸೋಣವೆಂದು ರಾತ್ರಿ ಅಲ್ಲೇ ತಂಗುವ ಯೋಚನೆ ಮಾಡಿದ್ದೆವು. ನೀರಿನಿಂದ ಸಾಕಷ್ಟು ಮೇಲೆ, ಹುಲ್ಲು ಕಮ್ಮಿ ಇದ್ದ ಕಡೆ ಡೇರೆ ಹಾಕಿದೆವು. ಬೆಂಕಿ ಹಾಕಲಿಲ್ಲ. ಸಣ್ಣ ಗ್ಯಾಸ್ ಸ್ಟೌವಿನ ಮೇಲೆ ಗಂಜಿ ಬೇಯಿಸಿ, ಮನೆಯಿಂದ ತಂದಿದ್ದ ಮಾವಿನ ಮಿಡಿ ಉಪ್ಪಿನಕಾಯಿಯ ಜೊತೆ ಉಂಡೆವು.

ಎಂಟು ಗಂಟೆಯ ಹೊತ್ತಿಗೆ ಬೈಕಿನಲ್ಲಿ ಖಾಕಿ ತೊಟ್ಟ ಒಬ್ಬರು ಬಂದರು. ಯಾವ ಇಲಾಖೆ ಎಂದು ಹೇಳುವುದಿಲ್ಲ, ಯಾಕೆಂದರೆ ದೂರು ಅವರ ಮೇಲಲ್ಲ.

"ಸರ್, ಇಲ್ಲಿ ಮಲಗುವಂತಿಲ್ಲ."

"ಯಾಕೆ?"

"ಆದೇಶ ಇದೆ."

"ಯಾವ ಆದೇಶ?"

"ಅದು ಮೇಲಿನವರಿಗೆ ಗೊತ್ತು."

ಮಗಳು ಅವರಿಗೂ ಒಂದು ಲೋಟ ಚಹಾ ಬಗ್ಗಿಸಿಕೊಟ್ಟಳು. ಅವರು ಹೆಲ್ಮೆಟ್ ಕಳಚಿ ಕುಳಿತರು. ಹಿಂದಿನ ವರ್ಷ ಅದೇ ದಂಡೆಯಿಂದ ಇಬ್ಬರು ಕಾಲೇಜು ಹುಡುಗರ ಹೆಣ ಎತ್ತಿದ್ದನ್ನು ಹೇಳಿದರು. ಒಬ್ಬನ ಕಾಲು ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತಿತ್ತಂತೆ. "ನಿಮ್ಮನ್ನು ನೋಡಿದರೆ ಗೊತ್ತಾಗುತ್ತದೆ ಸರ್, ನೀವು ಹಾಗಲ್ಲ. ಆದರೆ ನೀವು ಇರಬಹುದು, ಅವರು ಇರಬಾರದು ಎಂದು ನಾನು ಹೇಗೆ ತೀರ್ಮಾನ ಮಾಡಲಿ?" ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಡೇರೆ ಬಿಚ್ಚಿದೆವು. ಹತ್ತು ನಿಮಿಷ ಹಿಡಿಯಿತು. ನಾವು ಎದ್ದ ಜಾಗದಲ್ಲಿ ಬಗ್ಗಿದ ಹುಲ್ಲಿನ ಹೊರತು ಏನೂ ಉಳಿದಿರಲಿಲ್ಲ.

ಅದೇ ಹೊತ್ತಿಗೆ ಕೊಲ್ಲಿಯ ಆಚೆ ದಡದಲ್ಲಿ ಬಣ್ಣದ ಬಲ್ಬುಗಳ ಸಾಲು ಹೊತ್ತಿಕೊಂಡಿತು. ಅಲ್ಲಿಯೂ ಡೇರೆಗಳು, ಇಪ್ಪತ್ತಕ್ಕೂ ಹೆಚ್ಚು. ತಲೆಗೆ ಎರಡು ಸಾವಿರದ ಇನ್ನೂರು ರೂಪಾಯಿ, ಊಟ ಸೇರಿ. ಹಾಡು ನೀರಿನ ಮೇಲೆ ತೇಲಿಕೊಂಡು ನಮ್ಮ ಕಿವಿಗೂ ಬರುತ್ತಿತ್ತು. ಅವರ ಹೊಟ್ಟೆಪಾಡಿನ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿ ಬಡಿಸುವವರು, ಹಾಸಿಗೆ ಕೊಡವುವವರು ಸುತ್ತಲಿನ ಊರಿನ ಹುಡುಗರೇ. ಆದರೆ ಅದೇ ನೀರು, ಅದೇ ಕೆಸರು, ಅದೇ ಕತ್ತಲೆ. ರಸೀದಿ ಇದ್ದರೆ ಅಪಾಯವಿಲ್ಲ, ರಸೀದಿ ಇಲ್ಲದಿದ್ದರೆ ಅಪಾಯ ಎನ್ನುವ ಈ ಲೆಕ್ಕ ಮಗಳಿಗೆ ಅರ್ಥವಾಗಲಿಲ್ಲ. ವಿವರಿಸಲು ನನಗೂ ಆಗಲಿಲ್ಲ.

ನಮ್ಮ ಮನೆಯವರು ಈ ದಂಡೆಯಲ್ಲಿ ಡೇರೆ ಹಾಕಿದ್ದು ಅದೇ ಮೊದಲ ಸಲವೇನಲ್ಲ. 1964ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದು ನಿಂತಿತು. ನೀರಿನ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚು ನೆಲದ ಮೇಲೆ ನೀರು ಹರಡಿಕೊಂಡಿತು. ಅಜ್ಜಿ ಹೇಳುತ್ತಿದ್ದಂತೆ, ನೀರು ಅಂಗಳಕ್ಕೆ ಬಂದ ಮೇಲೂ ಕೆಲವರು ನಂಬಲಿಲ್ಲ. ಕೊನೆಗೆ ಗಾಡಿಯ ಮೇಲೆ ಬಾಗಿಲು, ತೊಲೆ, ಒರಳುಕಲ್ಲು ಹೇರಿಕೊಂಡು ಗುಡ್ಡದ ಮೇಲಕ್ಕೆ ಬಂದು, ಅಡಿಕೆ ಸೋಗೆಯ ಮರೆ ಕಟ್ಟಿಕೊಂಡು ಒಂದು ಇಡೀ ಬೇಸಿಗೆ ಕಳೆದರು. ಹೆಂಚಿನ ಮನೆ ಆಮೇಲಿನ ಮಾತು. ಪರಿಹಾರದ ಕಥೆ ಬೇರೆ, ಅದನ್ನು ಈ ಪತ್ರದಲ್ಲಿ ತೆಗೆಯುವುದಿಲ್ಲ. ಮುಳುಗಡೆಯಾದ ಎಷ್ಟೋ ಮನೆಗಳ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ ಎಂಬುದು ನಿಮ್ಮ ಕಡತಗಳಲ್ಲೇ ಇದೆ. ನಾನು ಹೇಳಹೊರಟದ್ದು ಇಷ್ಟು: ಆ ಬೇಸಿಗೆ ಅಜ್ಜಿಯನ್ನು ದಂಡೆಯಿಂದ ಎದ್ದೇಳಿ ಎಂದು ಯಾರೂ ಹೇಳಿರಲಿಲ್ಲ.

ಮುಳುಗಡೆಯವರಿಗೆ ಒಂದು ವಿಚಿತ್ರ ಅಭ್ಯಾಸ ಉಂಟು. ಪತ್ರಿಕೆ ಬಂದ ಕೂಡಲೇ ಜಲಾಶಯದ ಮಟ್ಟ ನೋಡುವುದು. ಉಳಿದವರಿಗೆ ಅದು ವಿದ್ಯುತ್ತಿನ ಲೆಕ್ಕ, ನಮಗೆ ಅಜ್ಜನ ಗದ್ದೆಯ ಲೆಕ್ಕ. ಮಟ್ಟ ಐವತ್ತಕ್ಕೂ ಹೆಚ್ಚು ಅಡಿ ಇಳಿದ ವರ್ಷಗಳಿವೆ. ಆಗ ಹಳೆಯ ಗಾಡಿದಾರಿ ಮೇಲೇಳುತ್ತದೆ, ತುಳಸಿಕಟ್ಟೆಯ ಕಲ್ಲು ಮೇಲೇಳುತ್ತದೆ. ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟೆಯೂ ಮೇಲೇಳುತ್ತದೆ. ಜೋಗದ ವಿದ್ಯುತ್ತಿಗಾಗಿ 1948ರಲ್ಲಿ ಕಟ್ಟಿದ ಆ ಕಟ್ಟೆ ಹದಿನಾರೇ ವರ್ಷ ದುಡಿದು, ತನಗಿಂತ ದೊಡ್ಡ ಅಣೆಕಟ್ಟೆಯ ನೀರಿನಲ್ಲಿ ಮುಳುಗಿಹೋಯಿತು. ಹೆಚ್ಚಿನ ನೀರನ್ನು ಹೊರಹಾಕುತ್ತಿದ್ದ ಅದರ ಸೈಫನ್‌ಗಳ ದುಂಡು ಬಾಯಿಗಳನ್ನು ಸಂಜೆಯ ಬಿಸಿಲಿನಲ್ಲಿ ನೋಡಿದವರು ಮರೆಯುವುದಿಲ್ಲ. ಮುಳುಗಿಸುವ ಅಣೆಕಟ್ಟೆಯೇ ಮುಳುಗಿದ್ದನ್ನು ತೋರಿಸುತ್ತ ಅಜ್ಜಿ ನಗುತ್ತಿದ್ದರು. ಅದು ಎಂಥ ನಗು ಎಂದು ನನಗೆ ಈಗ ಸ್ವಲ್ಪ ಗೊತ್ತಾಗುತ್ತಿದೆ.

ಬಯಲಿನಲ್ಲಿ, ನೀರಿನ ಹತ್ತಿರ, ಪುಕ್ಕಟೆಯಾಗಿ ರಾತ್ರಿ ಕಳೆಯುವುದು ಈಗಿನ ಹುಡುಗರ ಶೋಕಿ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಭರತ ಹುಣ್ಣಿಮೆಗೆ ಸವದತ್ತಿಗೆ ಹೋಗಿ ನೋಡಲಿ. ಬಂಡಿ ಕಟ್ಟಿಕೊಂಡು, ಈಗೀಗ ಟ್ರ್ಯಾಕ್ಟರಿನ ಮೇಲೆ ತಾಡಪತ್ರಿ ಹೊದಿಸಿಕೊಂಡು ಬಂದ ಸಂಸಾರಗಳು ಯಲ್ಲಮ್ಮನ ಗುಡ್ಡದ ಸುತ್ತ ಒಲೆ ಹೂಡಿ ಮಲಗಿರುತ್ತವೆ. ಕುರಿ ಹಿಂಡಿನೊಂದಿಗೆ ಜಿಲ್ಲೆ ಜಿಲ್ಲೆ ದಾಟುವವರು ಕೆರೆಯಂಗಳದಲ್ಲಿ ಬಲೆ ಸುತ್ತಿ ಹಟ್ಟಿ ಹಾಕುತ್ತಾರೆ, ಅವರು ಮಲಗಿದ ಹೊಲಕ್ಕೆ ಗೊಬ್ಬರವಾಯಿತೆಂದು ರೈತನೇ ಕಾಳು ಕೊಡುತ್ತಾನೆ. ಜಲಾಶಯಗಳ ದಂಡೆಯಲ್ಲಿ ಮೀನು ಹಿಡಿಯುವ ಸಂಸಾರಗಳು ತೆಪ್ಪ ಮಗುಚಿಟ್ಟು, ಪ್ಲಾಸ್ಟಿಕ್ ಹಾಳೆಯಡಿ ತಿಂಗಳುಗಟ್ಟಲೆ ಇರುತ್ತವೆ. ಈ ನಾಡಿನಲ್ಲಿ ನೆಲದ ಮೇಲೆ ಮಲಗುವುದಕ್ಕೆ ರಸೀದಿ ಬೇಕಾದದ್ದು ತೀರಾ ಈಚೆಗೆ.

ಹೊರದೇಶದ ಉದಾಹರಣೆ ಕೊಟ್ಟರೆ ಸರ್ಕಾರ ಬೇಗ ಕಿವಿಗೊಡುತ್ತದೆ ಎಂಬ ನಂಬಿಕೆ ನನಗೂ ಇರುವುದರಿಂದ ಅದನ್ನೂ ಹೇಳುತ್ತೇನೆ. ತಂಗಿ ಅಮೆರಿಕದ ಕೊಲರಾಡೊದಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದಾಗ ರಾಷ್ಟ್ರೀಯ ಅರಣ್ಯವೊಂದರ ಕೆರೆಯ ಹತ್ತಿರ ಎರಡು ರಾತ್ರಿ ಇದ್ದೆವು. ಗೇಟಿಲ್ಲ, ಟಿಕೆಟ್ ಇಲ್ಲ, ಕೇಳುವವರಿಲ್ಲ. ಅಲ್ಲಿನ ರಾಷ್ಟ್ರೀಯ ಅರಣ್ಯಗಳಲ್ಲಿ ಮತ್ತು ಕೇಂದ್ರ ಸರ್ಕಾರದ ಬೇರೆ ಬಯಲು ಜಮೀನುಗಳಲ್ಲಿ ಹೀಗೆ ಸೌಲಭ್ಯವಿಲ್ಲದ ಜಾಗದಲ್ಲಿ ಡೇರೆ ಹಾಕುವುದು ಸಾಮಾನ್ಯವಾಗಿ ಉಚಿತ, ಹೆಚ್ಚಿನ ಕಡೆ ಹದಿನಾಲ್ಕು ದಿನದ ಮಿತಿ. ದಾರಿಯ ತಿರುವಿನಲ್ಲಿ ಒಂದು ಹಲಗೆಯಿತ್ತು. ನೀರಿನಿಂದ ಇನ್ನೂರು ಅಡಿ ದೂರವಿರಿ, ಮಲವಿಸರ್ಜನೆಗೆ ಆರೆಂಟು ಅಂಗುಲ ಆಳದ ಗುಂಡಿ ತೋಡಿ ಮುಚ್ಚಿ, ತಂದದ್ದನ್ನೆಲ್ಲ ವಾಪಸ್ ಒಯ್ಯಿರಿ. ಇನ್ನೂರು ಅಡಿಯೆಂದರೆ ಸುಮಾರು ಎಪ್ಪತ್ತು ಹೆಜ್ಜೆ ಎಂದು ತಂಗಿ ಎಣಿಸಿ ತೋರಿಸಿದಳು.

ಅಲ್ಲೆಲ್ಲ ರಾಮರಾಜ್ಯ ಎಂದು ತಿಳಿಯಬೇಡಿ. ಸ್ಕಾಟ್ಲೆಂಡ್ 2003ರಲ್ಲಿ ಕಾನೂನನ್ನೇ ಮಾಡಿ, ಜವಾಬ್ದಾರಿಯಿಂದ ನಡೆದುಕೊಳ್ಳುವವರಿಗೆ ಬಯಲಿನಲ್ಲಿ ತಂಗುವ ಹಕ್ಕು ಕೊಟ್ಟಿತು. ಆದರೆ ಗ್ಲಾಸ್ಗೊ ನಗರಕ್ಕೆ ಹತ್ತಿರದ ಲಾಕ್ ಲೊಮಂಡ್ ಸರೋವರದ ದಡದಲ್ಲಿ ಮರ ಕಡಿದು ಸುಡುವವರು, ಡೇರೆಯನ್ನೇ ಕಸವಾಗಿ ಬಿಟ್ಟು ಹೋಗುವವರು ಹೆಚ್ಚಾದಾಗ ಅಲ್ಲಿಯೂ ಕಡಿವಾಣ ಹಾಕಬೇಕಾಯಿತು. 2017ರಿಂದ ಆ ರಾಷ್ಟ್ರೀಯ ಉದ್ಯಾನದ ಕೆಲವು ದಡಗಳಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪರವಾನಗಿ ಬೇಕು. ಗಮನಿಸಬೇಕಾದ ಸಂಗತಿಯೆಂದರೆ, ಕಡಿವಾಣ ಬಿದ್ದದ್ದು ಆ ದಡಗಳಿಗೆ ಮತ್ತು ಆ ತಿಂಗಳುಗಳಿಗೆ ಮಾತ್ರ. ದೇಶದ ಉಳಿದ ಕಡೆಯ ಹಕ್ಕು ಹಾಗೆಯೇ ಉಳಿಯಿತು. ನಮ್ಮಲ್ಲಿ ಒಬ್ಬ ಬಾಟಲಿ ಒಡೆದರೆ ಇಡೀ ಜಿಲ್ಲೆಗೆ ನಿಷೇಧದ ಫಲಕ ಬೀಳುತ್ತದೆ. ಫಲಕ ಬಿದ್ದ ಮೇಲೂ ಬಾಟಲಿಯವನು ಬರುತ್ತಾನೆ, ಬಾರದವನು ಗಂಜಿಯವನು.

ಈಗ ಆ ಖಾಕಿಯವರ ಪ್ರಶ್ನೆಗೆ ಬರುತ್ತೇನೆ. ಒಂದು ವರ್ಷದಿಂದ ಅದು ತಲೆಯಲ್ಲಿದೆ.

ಹಿನ್ನೀರು ಸಮುದ್ರತೀರವಲ್ಲ. ಮೇಲೆ ಒಣಗಿ ಬಿರಿದಂತೆ ಕಾಣುವ ನೆಲದ ಕೆಳಗೆ ಹೂಳಿರುತ್ತದೆ. ಈಜು ಬಲ್ಲವರೂ ಕಾಲು ಸಿಕ್ಕಿ ಸಾಯುತ್ತಾರೆ. ಅದರ ಮೇಲೆ ಇದು ಮುಳುಗಿದ ಊರು. ಒಳಗೆ ಬಾವಿಗಳಿವೆ, ಕಲ್ಲುಗುಂಡಿಗಳಿವೆ, ಮರದ ಬೊಡ್ಡೆಗಳಿವೆ. ಆದ್ದರಿಂದ ಡೇರೆಯ ಜಾಗದಲ್ಲಿ ನೀರಿಗೆ ಇಳಿಯುವುದು ಬೇಡವೇ ಬೇಡ, ಮೊಣಕಾಲವರೆಗೂ ಬೇಡ. ಮಳೆ ಹಿಡಿದ ಮೇಲೆ ನೀರು ಏರುವ ವೇಗ ಘಟ್ಟದವರಿಗೆ ಗೊತ್ತು, ಬಯಲುಸೀಮೆಯಿಂದ ಬಂದವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ ದಂಡೆ ಪೂರ್ತಿ ಮುಚ್ಚಲಿ.

ಇನ್ನೊಂದು ಸಂಗತಿಯನ್ನು ಪ್ರವಾಸೋದ್ಯಮದ ಕರಪತ್ರಗಳು ಯಾವತ್ತೂ ಹೇಳುವುದಿಲ್ಲ. ಡೇರೆಗೆ ಹೇಳಿ ಮಾಡಿಸಿದ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗಿನಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅದರ ಕಾಟ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜನ ಸತ್ತದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಬೆಂಗಳೂರಿನಿಂದ ಬಂದವರು ನೆರಳು ಚೆನ್ನಾಗಿದೆಯೆಂದು ಕಾಡಂಚಿನ ತರಗೆಲೆಯ ಮೇಲೆ ಚಾಪೆ ಹಾಸುತ್ತಾರೆ. ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಡೇರೆಯೇನಿದ್ದರೂ ಕಾಡಿಗೂ ನೀರಿಗೂ ನಡುವಿನ ಬೋಳು ಪಟ್ಟಿಯಲ್ಲಿ ಇರಬೇಕು. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಊರಿನವರಿಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲದ ವಿಷಯ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಬೇಕೆಂಬ ವಿಷಯ ಬರುವವರಿಗೂ ಗೊತ್ತಿರಬೇಕು. ಇಷ್ಟು ವರ್ಷ ತಲೆಗೆ ಎರಡು ಸಾವಿರ ತೆಗೆದುಕೊಂಡವರೂ ಇದನ್ನು ಹೇಳಿದ್ದನ್ನು ನಾನು ಕೇಳಿಲ್ಲ.

ಬೆಂಕಿಯ ವಿಷಯದಲ್ಲಿ ನಾನು ಅರಣ್ಯ ಇಲಾಖೆಗಿಂತ ಬಿಗಿ. ಕ್ಯಾಂಪ್‌ಫೈರ್ ಎಂಬ ಶಬ್ದವನ್ನೇ ಈ ದಂಡೆಯಿಂದ ಓಡಿಸಬೇಕು. ಫೆಬ್ರವರಿಯ ಗಾಳಿಗೆ ಒಂದು ಕಿಡಿ ಸಾಕು, ಗುಡ್ಡಕ್ಕೆ ಗುಡ್ಡವೇ ಬೋಳಾಗುತ್ತದೆ. ಚಳಿಯಾದರೆ ಕಂಬಳಿ ತರಲಿ.

ಪ್ರಾಣಿಪಕ್ಷಿಗಳ ಜಾಗಕ್ಕೆ ನಾವು ಹೋಗಬಾರದು, ಅದರಲ್ಲಿ ಚೌಕಾಸಿ ಇಲ್ಲ. ಸಿಂಗಳೀಕದ ಅಭಯಾರಣ್ಯದೊಳಗೆ ಬೇಡ. ಬೇಸಿಗೆಯಲ್ಲಿ ಆನೆಗಳು ಹಿಂಡುಗಟ್ಟಿ ಇಳಿಯುವ ಕಬಿನಿಯ ದಂಡೆಯಲ್ಲಿ ಬೇಡ. ಭದ್ರಾ ಹಿನ್ನೀರಿನಲ್ಲಿ ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳ ಮೇಲೆ ರೀವ ಹಕ್ಕಿಗಳು ಸಾವಿರಗಟ್ಟಲೆ ಬಂದು ಬರಿನೆಲದ ಮೇಲೇ ಮೊಟ್ಟೆಯಿಡುತ್ತವೆ. ಅಲ್ಲಿ ಒಂದು ಡೇರೆ ಬಿದ್ದರೆ ನೂರು ಗೂಡು ಹೋದಂತೆ. ನಡುಗಡ್ಡೆ ಎಂಬುದು ಯಾವ ಜಲಾಶಯದಲ್ಲೇ ಇರಲಿ, ಮನುಷ್ಯರಿಗಲ್ಲ ಎಂದು ಬರೆದುಬಿಡಿ.

ಇಷ್ಟೆಲ್ಲ ಕಳೆದ ಮೇಲೂ ಜಾಗ ಉಳಿಯುತ್ತದೆ. ಇಷ್ಟು ದೊಡ್ಡ ಹಿನ್ನೀರಿನ ದಂಡೆ ಕೊಲ್ಲಿ ಕೊಲ್ಲಿಯಾಗಿ ಒಳಕ್ಕೆ ಹೊಕ್ಕಿದೆ. ಅದರಲ್ಲಿ ಮೊದಲ ವರ್ಷಕ್ಕೆ ಐದು ಜಾಗ ಗುರುತಿಸಿದರೆ ಸಾಕು. ಯಾವ ಐದು ಎಂದು ಬೆಂಗಳೂರಿನಲ್ಲಿ ಕುಳಿತು ನಕ್ಷೆಯ ಮೇಲೆ ತೋರಿಸಬೇಡಿ, ದಂಡೆಯ ಗ್ರಾಮ ಪಂಚಾಯಿತಿಗಳನ್ನು ಕೇಳಿ. ಕುಡಿದು ಕೂಗಾಡುವವರು ಬಂದರೆ ಸಂಜೆ ದನ ಹೊಡೆದುಕೊಂಡು ಬರುವ ಹೆಂಗಸರಿಗೆ ದಾರಿ ಇಲ್ಲದಂತಾಗುತ್ತದೆ. ಅವರು ಬೇಡ ಎಂದರೆ ಆ ದಂಡೆ ಬೇಡ. ಒಂದು ಜಾಗಕ್ಕೆ ಎಂಟೋ ಹತ್ತೋ ಡೇರೆ, ಅಷ್ಟೇ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜಾತ್ರೆಯಂತೆ ಜನ ಹತ್ತಿದ ಮೇಲೆ ಚಾರಣಕ್ಕೆ ಆನ್‌ಲೈನ್ ನೋಂದಣಿ ಮತ್ತು ದಿನದ ಮಿತಿ ತಂದಿರಲ್ಲ, ಆ ಎಣಿಕೆಯ ವ್ಯವಸ್ಥೆಯನ್ನೇ ಇಲ್ಲಿಗೂ ಹಚ್ಚಿ. ಎಣಿಕೆ ಮಾತ್ರ ಇರಲಿ, ಶುಲ್ಕ ಬೇಡ.

ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎನ್ನುವವರು ನಿಮ್ಮ ಪಕ್ಕದಲ್ಲೇ ಕುಳಿತಿರುತ್ತಾರೆ. ಶುಲ್ಕದ ದಾರಿ ನನಗೆ ಗೊತ್ತು. ಮೊದಲು ಐವತ್ತು ರೂಪಾಯಿ. ಐವತ್ತು ವಸೂಲಿಗೆ ಒಬ್ಬ ಮನುಷ್ಯ, ಅವನಿಗೊಂದು ಗೂಡು. ಮರುವರ್ಷ ವಸೂಲಿಯ ಹರಾಜು. ಹರಾಜು ಹಿಡಿದವನಿಗೆ ಬಂಡವಾಳ ಹುಟ್ಟಬೇಕಲ್ಲ, ಪಾರ್ಕಿಂಗ್ ಶುಲ್ಕ, ಚಹಾದಂಗಡಿ, ಫೋಟೊ ತೆಗೆಯಲು ಪ್ಲಾಸ್ಟಿಕ್ ಹೃದಯದ ಕಮಾನು. ಐದನೆಯ ವರ್ಷ ಕಾಂಪೌಂಡು. ಇಷ್ಟಾಗುವ ಹೊತ್ತಿಗೆ ಡೇರೆ ಹಾಕಲು ಜಾಗವೇ ಇರುವುದಿಲ್ಲ. ಬೆಲೆ ಬರಲೇಬೇಕೆಂದಿದ್ದರೆ ಠೇವಣಿ ಇಟ್ಟುಕೊಳ್ಳಿ. ಡೇರೆಗೆ ಐನೂರು. ಬೆಳಿಗ್ಗೆ ಹೊರಡುವಾಗ ತನ್ನ ಕಸದ ಚೀಲ ತೋರಿಸಿದವನಿಗೆ ಪೂರ್ತಿ ವಾಪಸ್, ತೋರಿಸದವನದು ಪಂಚಾಯಿತಿಗೆ.

ಅವಸರ ಯಾಕೆಂದರೆ, ದಾರಿ ತೆರೆದಾಗಿದೆ. 2025ರ ಜುಲೈವರೆಗೆ, ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚ್ ನಮಗೆ ತಿಳಿಯದಂತೆಯೇ ಕಾವಲು ಕಾಯುತ್ತಿತ್ತು. ಕೊನೆಯ ಲಾಂಚ್ ಹೋದ ಮೇಲೆ ಆಚೆ ದಡಕ್ಕೆ ಹೋಗಲು ಸುತ್ತುದಾರಿಯೇ ಗತಿ. ಸಿಗಂದೂರಿನ ಸೇತುವೆಯಾದದ್ದಕ್ಕೆ ನಾನು ಸಂತೋಷಪಟ್ಟವನೇ. ಹೆರಿಗೆ ನೋವಿನ ಹೆಂಗಸನ್ನು ಲಾಂಚಿಗಾಗಿ ಕಾಯಿಸಿದ ನೆನಪು ಇರುವ ಯಾರೂ ಆ ಸೇತುವೆಯನ್ನು ಬೈಯಲಾರರು. ಆದರೆ ಈಗ ರಾತ್ರಿ ಹನ್ನೆರಡಕ್ಕೂ ಕಾರುಗಳು ಆಚೆ ದಡದ ತುಮರಿಯ ಕಡೆ ಇಳಿಯುತ್ತವೆ. ಜನ ಬಂದೇ ಬರುತ್ತಾರೆ. ಎಲ್ಲಿ ಮಲಗಬಹುದು ಎಂದು ಹೇಳದಿದ್ದರೆ ಎಲ್ಲೆಂದರಲ್ಲಿ ಮಲಗುತ್ತಾರೆ, ತರಗೆಲೆಯ ಮೇಲೆ, ಹೂಳಿನ ಮೇಲೆ, ಯಾರದೋ ಸೊಪ್ಪಿನಬೆಟ್ಟದಲ್ಲಿ.

ಇದೇ ಕಣಿವೆಯಲ್ಲಿ, ಸಿಂಗಳೀಕದ ಅಭಯಾರಣ್ಯದ ಒಳಗೇ, ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ವಿದ್ಯುತ್ ಮಾಡುವ ಎರಡು ಸಾವಿರ ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸರ್ಕಾರ ಜಾಗ ಗುರುತಿಸಿದೆ. ಅಭಯಾರಣ್ಯದ ಹೊರಗೆ ಏಳಡಿ ಉದ್ದ, ಐದಡಿ ಅಗಲದ ಜಾಗ ಗುರುತಿಸುವುದು ನಿಮಗೆ ಭಾರವಾಗಲಾರದು. ನಾನು ಬೆಳಿಗ್ಗೆ ಅದನ್ನು ಹಿಂದಿರುಗಿಸುತ್ತೇನೆ ಕೂಡ.

ಹಲಗೆಯ ಮೇಲೆ ಏನು ಬರೆಯಬೇಕೆಂದು ಮಗಳು ತನ್ನ ನೋಟ್‌ಪುಸ್ತಕದ ಹಾಳೆಯಲ್ಲಿ ಬರೆದುಕೊಟ್ಟಿದ್ದಾಳೆ. ಒಂದಕ್ಷರವನ್ನೂ ತಿದ್ದದೆ ಇಲ್ಲಿ ಇಳಿಸುತ್ತಿದ್ದೇನೆ: "ಇಲ್ಲಿ ಒಂದು ರಾತ್ರಿ ಇರಬಹುದು. ನೀರಿಗೆ ಇಳಿಯಬೇಡಿ, ಒಳಗೆ ಬಾವಿ ಇದೆ. ಬೆಂಕಿ ಹಾಕಬೇಡಿ. ಎಲೆಗಳ ಮೇಲೆ ಮಲಗಬೇಡಿ, ಉಣುಗು ಇದೆ. ಕಸ ಬಿಡಬೇಡಿ. ಹಾಡು ಹಾಕಬೇಡಿ, ನಮ್ಮ ಮುತ್ತಜ್ಜನ ಊರು ಕೆಳಗಿದೆ."

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,

ಸಾಗರ ತಾಲ್ಲೂಕಿನ ಮುಳುಗಡೆ ಮನೆಯೊಂದರ ಮೊಮ್ಮಗ